ಸ್ಟ್ಯಾಂಪ್ ಸೈಜಿನ ಕಿಟಕಿ

(ಫೋಟೋ ಹುಚ್ಚಿರುವ ಗೆಳೆಯರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತು ಇದು. ಪರದೆಯ ಮೇಲೆ ಚಿತ್ರ ತೋರಿಸುತ್ತಾ ಮಾತಾಡಿದ್ದರಿಂದ, ಓದುವವರಿಗೆ ತಿಳಿಯಲೆಂದು ಅಲ್ಲಲ್ಲಿ ಎರಡು ಮಾತು ಸೇರಿಸಿದ್ದೇನೆ. ಕೆಮ್ಮಿದ್ದು, ನೀರು ಕುಡಿದದ್ದು, ಕರೆಂಟ್ ಹೋಗಿ ಹತ್ತು ನಿಮಿಷ ಕತ್ತಲಲ್ಲಿ ಕೂತದ್ದು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟವರು ನನ್ನನ್ನು ಹಿರಿಯ ಛಾಯಾಗ್ರಾಹಕರು ಎಂದರು. ಅಷ್ಟು ದೊಡ್ಡ ಮಾತು ಬೇಡ. ನಾನು ಸಾಗರದಲ್ಲಿ ಮೂವತ್ತನಾಲ್ಕು ವರ್ಷ ಸ್ಟುಡಿಯೋ ಇಟ್ಟುಕೊಂಡಿದ್ದವನು. ಪಾಸ್‌ಪೋರ್ಟ್ ಸೈಜ್, ಸ್ಟ್ಯಾಂಪ್ ಸೈಜ್, ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ. ಇಷ್ಟೇ ನನ್ನ ಕಸುಬು. ಕಟ್ಟಡದ ಫೋಟೋ ತೆಗೆದದ್ದು ತೀರಾ ಕಡಿಮೆ. ಕಟ್ಟಡ ದುಡ್ಡು ಕೊಡುವುದಿಲ್ಲ ನೋಡಿ.

ಹಾಗಿದ್ದವನು ಇಂಗ್ಲೆಂಡಿನ ಒಂದು ಹಳ್ಳಿಯ ಗೋಡೆ, ಕಿಟಕಿ, ಚಿಮಣಿಗಳ ಫೋಟೋ ತೆಗೆಯುತ್ತಾ ಐದು ತಿಂಗಳು ಅಲೆದದ್ದು ಹೇಗೆ? ಮಗಳು ಅಳಿಯ ಅಲ್ಲಿ ಚಿಪ್ಪೆನಮ್ ಎಂಬ ಊರಿನಲ್ಲಿದ್ದಾರೆ. ವಿಲ್ಟ್‌ಶೈರ್ ಜಿಲ್ಲೆ. ಮಗಳಿಗೆ ಬಾಣಂತನ ಅಂತ ಹೆಂಡತಿ ಹೊರಟಳು, ಜೊತೆಗೆ ನಾನೂ ಹೋದೆ. ಬಾಣಂತನದಲ್ಲಿ ಗಂಡಸರಿಗೆ ಏನು ಕೆಲಸ? ಸುಮ್ನೆ ಅಡ್ಡಡ್ಡ ಓಡಾಡುತ್ತಿದ್ದೆ. ಎಂಟು ದಿನ ನೋಡಿದ ಅಳಿಯ, "ಮಾವ, ನಿಮ್ಮ ಕಸುಬು ಹುಟ್ಟಿದ ಊರು ಇಲ್ಲೇ ಮೂರು ಮೈಲಿ ದೂರದಲ್ಲಿದೆ. ಬಸ್ಸು ಹೋಗುತ್ತೆ. ಹೋಗಿ ಬನ್ನಿ" ಎಂದ. ಮನೆಯಿಂದ ಆಚೆ ಕಳಿಸಲು ಹೇಳಿದ ಮಾತು ಅದು. ಆದರೆ ಮಾತು ನಿಜವಾಗಿತ್ತು.

ಊರಿನ ಹೆಸರು ಲೇಕಾಕ್.

ನಾನು ಫೋಟೋ ತೊಳೆಯುವ ಹೈಪೋ ರಾಸಾಯನಿಕದ ವಾಸನೆಯಲ್ಲೇ ಬೆಳೆದವನು. ಕೊಡಕ್ ಗೊತ್ತಿತ್ತು, ಆಗ್ಫಾ ಗೊತ್ತಿತ್ತು, ಊಟಿಯಲ್ಲಿ ತಯಾರಾಗುತ್ತಿದ್ದ ನಮ್ಮ ಇಂದು ಫಿಲ್ಮ್ ಗೊತ್ತಿತ್ತು. ಆದರೆ 'ನೆಗೆಟಿವ್' ಎಂಬ ವಸ್ತುವನ್ನು, ಅಂದರೆ ಬಿಳಿ ಕಪ್ಪಾಗಿ ಕಪ್ಪು ಬಿಳಿಯಾಗಿ ಮೂಡುವ, ಪ್ರಿಂಟ್ ಹಾಕಲು ಬೇಕಾದ ಆ ಮೂಲ ಚಿತ್ರವನ್ನು, ಯಾರು ಕಂಡುಹಿಡಿದರು ಎಂದು ಒಂದು ದಿನವೂ ಯೋಚನೆ ಮಾಡಿದವನಲ್ಲ. ಅದರಿಂದಲೇ ಮೂವತ್ತನಾಲ್ಕು ವರ್ಷ ಊಟ ಮಾಡಿದ್ದೆ. ನಾಚಿಕೆಯಾಯಿತು.

ಮೊದಲ ಚಿತ್ರ ನೋಡಿ. ಇದು ಲೇಕಾಕ್‌ನ ಹೈ ಸ್ಟ್ರೀಟ್. ಊರು ಎಷ್ಟು ಚಿಕ್ಕದು ಎಂದರೆ ಮುಖ್ಯ ಬೀದಿಗಳು ನಾಲ್ಕೇ. ಹೈ ಸ್ಟ್ರೀಟ್, ವೆಸ್ಟ್ ಸ್ಟ್ರೀಟ್, ಚರ್ಚ್ ಸ್ಟ್ರೀಟ್, ಈಸ್ಟ್ ಸ್ಟ್ರೀಟ್. ನಾಲ್ಕೂ ಸೇರಿ ಒಂದು ಚೌಕ. ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದಂತೆ ಹತ್ತು ನಿಮಿಷದಲ್ಲಿ ಒಂದು ಸುತ್ತು ಬರಬಹುದು. ಊರಿನ ಪೂರ್ವಕ್ಕೆ ಹುಲ್ಲುಗಾವಲು, ಅದರಲ್ಲಿ ಲೇಕಾಕ್ ಅಬ್ಬೆ ಎಂಬ ಹಳೆಯ ಮಠದ ಕಟ್ಟಡ, ಅದರಾಚೆ ಏವನ್ ನದಿ.

ಈ ಚಿತ್ರದಲ್ಲಿ ಏನೋ ಒಂದು ಇಲ್ಲ. ಏನು ಹೇಳಿ ನೋಡೋಣ? ... ಹಾಂ, ಸರಿಯಾಗಿ ಹೇಳಿದಿರಿ. ಕರೆಂಟ್ ಕಂಬ, ತಂತಿ ಇಲ್ಲ. ಟಿವಿ ಆಂಟೆನಾ ಕೂಡ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಅಳಿಸಿಲ್ಲ, ಅಲ್ಲಿ ಇರುವುದೇ ಹಾಗೆ. ಊರಿನ ಬಹುಪಾಲು ಮನೆಗಳು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯವು. ಅಬ್ಬೆ ಮತ್ತು ಹಳ್ಳಿ ಎರಡೂ ಟಾಲ್ಬಟ್ ಮನೆತನದ ಆಸ್ತಿಯಾಗಿದ್ದವು. ಆ ಮನೆತನದ ಮಟಿಲ್ಡಾ ಟಾಲ್ಬಟ್ ಎಂಬಾಕೆ 1944ರಲ್ಲಿ ಎಲ್ಲವನ್ನೂ ಟ್ರಸ್ಟಿಗೆ ಕೊಟ್ಟುಬಿಟ್ಟರು. ಇಡೀ ಊರು! ಈಗ ಅಲ್ಲಿರುವವರಲ್ಲಿ ಹೆಚ್ಚಿನವರು ಬಾಡಿಗೆದಾರರು. ಬಾಗಿಲಿಗೆ ಬೇಕೆಂದ ಬಣ್ಣ ಬಳಿಯುವುದಕ್ಕೂ ಕೇಳಬೇಕಾದ ಊರು ಅದು.

ಹೀಗಾಗಿ ಹಳೆಯ ಕಾಲದ ಕಥೆ ತೆಗೆಯುವ ಸಿನಿಮಾ, ಟಿವಿಯವರಿಗೆ ಲೇಕಾಕ್ ಎಂದರೆ ಸಿದ್ಧವಾದ ಸೆಟ್. ಡಾಂಬರಿನ ಮೇಲೆ ಮಣ್ಣು ಹರಡಿ, ನಾಲ್ಕು ಕುದುರೆಗಾಡಿ ಬಿಟ್ಟರೆ ಇನ್ನೂರು ವರ್ಷ ಹಿಂದಕ್ಕೆ ಹೋಯಿತು. ಅಬ್ಬೆಯ ಕಲ್ಲಿನ ಮೊಗಸಾಲೆಯಲ್ಲಿ ಹ್ಯಾರಿ ಪಾಟರ್ ಓಡಾಡಿದ್ದಾನೆ. ನಾನು ಅಲ್ಲಿ ಕ್ಯಾಮೆರಾ ನಿಲ್ಲಿಸಿದಾಗಲೆಲ್ಲ ಒಂದಲ್ಲ ಒಂದು ಮಗು ಕೋಲು ಹಿಡಿದು ಮಂತ್ರ ಹಾಕುತ್ತಾ ಅಡ್ಡ ಬರುತ್ತಿತ್ತು.

ಮನೆಗಳನ್ನು ನೋಡೋಣ. ಇದು ಚರ್ಚ್ ಸ್ಟ್ರೀಟಿನ ಕ್ರಕ್ ಹೌಸ್. ನನಗೆ ಅಲ್ಲಿ ಬಹಳ ಹಿಡಿಸಿದ ಮನೆ. ನಮ್ಮ ಮಲೆನಾಡಿನ ಮನೆಯಲ್ಲಿ ಕಂಬ ಬೇರೆ, ತೊಲೆ ಬೇರೆ, ಜಂತೆ ಬೇರೆ ಅಲ್ವಾ? ಇಲ್ಲಿ ಹಾಗಲ್ಲ. ಸಹಜವಾಗಿ ಬಾಗಿ ಬೆಳೆದ ಒಂದು ದೊಡ್ಡ ಮರವನ್ನು ಉದ್ದಕ್ಕೆ ಸೀಳುತ್ತಾರೆ. ಎರಡು ಹೋಳನ್ನು ಎದುರುಬದುರು ನಿಲ್ಲಿಸಿ ತುದಿ ಕೂಡಿಸುತ್ತಾರೆ. ಕಂಬವೇ ಬಾಗಿ ಮೇಲೆ ಹೋಗಿ ಮಾಡನ್ನು ಹೊರುತ್ತದೆ. ಕೈ ಮುಗಿದು ನಿಂತ ಹಾಗೆ. ಸಾಮಾನ್ಯವಾಗಿ ಇದು ಗೋಡೆಯೊಳಗೆ ಅಡಗಿರುತ್ತದೆ. ಈ ಮನೆಯಲ್ಲಿ ಹೊರಗೇ ಕಾಣುತ್ತದೆ.

ಇದು ಜಾರ್ಜ್ ಇನ್. 1361ರಿಂದ ಹೆಂಡದಂಗಡಿ. ಒಲೆಯ ಪಕ್ಕದಲ್ಲಿ ಒಂದು ಮರದ ಚಕ್ರ ಇದೆ. ಅದರೊಳಗೆ ನಾಯಿಯನ್ನು ಓಡಿಸುತ್ತಿದ್ದರಂತೆ. ನಾಯಿ ಓಡಿದ ಹಾಗೆ ಬೆಂಕಿಯ ಮೇಲಿನ ಮಾಂಸ ತಿರುಗುತ್ತಿತ್ತು. ನನಗೆ ಮಾಂಸವೂ ಇಲ್ಲ, ಬಿಯರೂ ಇಲ್ಲ. ಒಂದು ನಿಂಬೆ ಪಾನಕ ತೆಗೆದುಕೊಂಡು ಚಕ್ರದ ಫೋಟೋ ತೆಗೆದೆ. ಪಾಪ, ಆ ನಾಯಿ.

ಇದು ಕಣಜ. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಧರ್ಮದ ಪಾಲು ಅಂತ ಕೊಡಬೇಕಿತ್ತು. ಆ ಧಾನ್ಯ ಸುರಿಯುವ ಜಾಗ. ಹದಿನಾಲ್ಕನೆಯ ಶತಮಾನದ್ದು. ಒಳಗೆ ಹೋದರೆ ಹಡಗನ್ನು ತಲೆಕೆಳಗು ಮಾಡಿದ ಹಾಗೆ ಮರದ ಮಾಡು. ಕತ್ತಲು. ಸ್ಟ್ಯಾಂಡ್ ಇಟ್ಟು ನಾಲ್ಕು ಸೆಕೆಂಡ್ ಶಟರ್ ತೆರೆದಿಟ್ಟೆ. ಅದರ ಪಕ್ಕದಲ್ಲೇ ಈ ಗುಮ್ಮಟ ನೋಡಿ. ಇದು ಊರಿನ ಲಾಕಪ್. ಹದಿನೆಂಟನೆಯ ಶತಮಾನದ್ದು. ಕುಡಿದು ಗಲಾಟೆ ಮಾಡಿದವರನ್ನು ರಾತ್ರಿ ಇದರೊಳಗೆ ತಳ್ಳುತ್ತಿದ್ದರು. ಕಿಟಕಿ ಇಲ್ಲದ್ದರಿಂದ ಇಂಥದಕ್ಕೆ ಕುರುಡು ಮನೆ ಅಂತ ಹೆಸರು. ಒಳಗೆ ನಿಂತು ಬಾಗಿಲು ಮುಂದಕ್ಕೆ ಎಳೆದುಕೊಂಡೆ. ನಮ್ಮ ಡಾರ್ಕ್ ರೂಮಿನ ನೆನಪಾಯಿತು.

ಈಗ ಆ ಕಿಟಕಿಗೆ ಬರುತ್ತೇನೆ.

ಲೇಕಾಕ್ ಅಬ್ಬೆ ಮೊದಲು ಸನ್ಯಾಸಿನಿಯರ ಮಠ. ಸಾಲಿಸ್‌ಬರಿಯ ಕೌಂಟೆಸ್ ಈಲಾ ಎಂಬ ವಿಧವೆ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ್ದು. 1539ರಲ್ಲಿ ದೊರೆ ಎಂಟನೆಯ ಹೆನ್ರಿ ಮಠ ಮುಚ್ಚಿಸಿದ. ಶಾರಿಂಗ್ಟನ್ ಎಂಬ ಸಿರಿವಂತ ಅದನ್ನು ಕೊಂಡು, ಚರ್ಚ್ ಭಾಗ ಕೆಡವಿ, ಉಳಿದದ್ದನ್ನು ಮನೆ ಮಾಡಿಕೊಂಡ. ಮೂಲೆಗೆ ಎಂಟು ಮುಖದ ಗೋಪುರ ಕಟ್ಟಿಸಿದ. ಈತ ಬ್ರಿಸ್ಟಲ್ ಟಂಕಸಾಲೆಯಲ್ಲಿ ನಾಣ್ಯಕ್ಕೇ ಮೋಸ ಮಾಡಿ ಸಿಕ್ಕಿಬಿದ್ದವನು. ಹೀಗೆ ಕೈ ದಾಟಿ ಕೈ ದಾಟಿ ಆ ಮನೆ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬವನಿಗೆ ಬಂತು. 1800ರಲ್ಲಿ ಹುಟ್ಟಿದವನು. ಗಣಿತ, ಸಸ್ಯಶಾಸ್ತ್ರ, ಹಳೆಯ ಭಾಷೆಗಳು, ಎಲ್ಲದರಲ್ಲೂ ಕೈ ಆಡಿಸಿದವನು. ಒಂದೇ ಒಂದು ಬರುತ್ತಿರಲಿಲ್ಲ. ಚಿತ್ರ ಬಿಡಿಸುವುದು.

1833ರ ಅಕ್ಟೋಬರಿನಲ್ಲಿ ಹೊಸ ಹೆಂಡತಿಯ ಜೊತೆ ಇಟಲಿಯ ಕೋಮೋ ಸರೋವರಕ್ಕೆ ಹೋಗಿದ್ದ. ಆಗ ಅಂಥವರೆಲ್ಲ ಪ್ರವಾಸದಲ್ಲಿ ಸ್ಕೆಚ್ ಮಾಡುತ್ತಿದ್ದರು. ಕಾಗದದ ಮೇಲೆ ಎದುರಿನ ದೃಶ್ಯದ ಬಿಂಬ ಕಾಣುವಂತೆ ಮಾಡುವ ಒಂದು ಪಟ್ಟಕವನ್ನೂ ಇಟ್ಟುಕೊಂಡಿದ್ದ. ಆದರೂ ಗೀಚಿದ್ದೆಲ್ಲ ಸೊಟ್ಟ. ಹೆಂಡತಿ ಕಾನ್‌ಸ್ಟನ್ಸ್ ಪಕ್ಕದಲ್ಲಿ ಕೂತು ಚೆನ್ನಾಗಿ ಬಿಡಿಸುತ್ತಿದ್ದಳು. ಈ ಬಿಂಬ ತಾನೇ ಕಾಗದದ ಮೇಲೆ ಅಂಟಿಕೊಳ್ಳುವಂತಿದ್ದರೆ ಎಷ್ಟು ಚೆನ್ನ ಅಂತ ಅವನಿಗೆ ಅನ್ನಿಸಿದ್ದು ಅಲ್ಲೇ. ಹೆಂಡತಿಯ ಎದುರು ಸೋತ ಗಂಡನ ಹೊಟ್ಟೆಕಿಚ್ಚಿನಿಂದ ನಮ್ಮ ಕಸುಬು ಹುಟ್ಟಿತು ಎಂದು ನಾನು ಹೇಳುತ್ತಿರುತ್ತೇನೆ. ನನ್ನ ಹೆಂಡತಿಗೆ ಈ ಕಥೆ ತುಂಬ ಇಷ್ಟ.

ಊರಿಗೆ ಬಂದು ಶುರು ಮಾಡಿದ. ಒಳ್ಳೆಯ ಬರೆಯುವ ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿದ. ನಾವು ಸಾರಿಗೆ ಹಾಕುತ್ತೇವಲ್ಲ, ಅದೇ ಉಪ್ಪು. ಒಣಗಿಸಿ, ಮೇಲೆ ಸಿಲ್ವರ್ ನೈಟ್ರೇಟ್ ಬಳಿದ. ಬೆಳಕು ಬಿದ್ದ ಕಡೆ ಕಾಗದ ಕಪ್ಪಾಯಿತು. ಕೈಯಗಲದ ಮರದ ಪೆಟ್ಟಿಗೆಗಳಿಗೆ ಒಂದೊಂದು ಲೆನ್ಸ್ ಕೂರಿಸಿ, ಒಳಗೆ ಈ ಕಾಗದ ಇಟ್ಟು, ಮನೆಯ ಸುತ್ತ ಅಲ್ಲಲ್ಲಿ ಇಟ್ಟುಬಿಡುತ್ತಿದ್ದ. ಕಾನ್‌ಸ್ಟನ್ಸ್ ಅವಕ್ಕೆ ಇಟ್ಟ ಹೆಸರು ಇಲಿಬೋನು.

1835ರ ಆಗಸ್ಟ್‌ನಲ್ಲಿ ಅಂಥ ಒಂದು ಇಲಿಬೋನನ್ನು ಅಬ್ಬೆಯ ದಕ್ಷಿಣದ ಮೊಗಸಾಲೆಯೊಳಗೆ ಇಟ್ಟ. ಎದುರಿಗೆ ಹೊರಚಾಚಿದ ಒಂದು ಕಿಟಕಿ. ಕಿಟಕಿಯ ತುಂಬ ಸಣ್ಣ ಸಣ್ಣ ಗಾಜಿನ ಬಿಲ್ಲೆಗಳು. ಅದರ ಚಿತ್ರ ಬಿತ್ತು. ಇವತ್ತಿಗೂ ಉಳಿದಿರುವ ಕ್ಯಾಮೆರಾ ನೆಗೆಟಿವ್‌ಗಳಲ್ಲೆಲ್ಲ ಹಳೆಯದು ಅದೇ. ಸೈನ್ಸ್ ಮ್ಯೂಸಿಯಂನವರ ಸಂಗ್ರಹದಲ್ಲಿದೆ. ಗಾತ್ರ ಎಷ್ಟು ಗೊತ್ತೇ? ಅಂಚೆ ಚೀಟಿಯಷ್ಟು. ನಮ್ಮ ಸ್ಟುಡಿಯೋ ಭಾಷೆಯಲ್ಲಿ, ಸ್ಟ್ಯಾಂಪ್ ಸೈಜ್. ಹಾಲ್ ಟಿಕೆಟ್ಟಿಗೆ, ಪಾಸಿಗೆ ಅಂತ ನಾನು ಸಾವಿರಗಟ್ಟಲೆ ಕತ್ತರಿಸಿ ಕೊಟ್ಟ ಸೈಜು.

ಅದರ ಪಕ್ಕದಲ್ಲಿ ಟಾಲ್ಬಟ್ ಕೈಯಾರೆ ಬರೆದ ಒಂದು ಒಕ್ಕಣೆ ಇದೆ. ಮೊದಲು ಮಾಡಿದಾಗ ಸುಮಾರು 200 ಗಾಜುಗಳನ್ನು ಭೂತಗನ್ನಡಿ ಹಿಡಿದು ಎಣಿಸಬಹುದಿತ್ತು ಅಂತ. ಎಣಿಸಿದ್ದಾನೆ ನೋಡಿ ಮಾರಾಯ! ಪ್ರಿಂಟ್ ತೊಟ್ಟಿಯಿಂದ ಎತ್ತಿದ ತಕ್ಷಣ ಕಣ್ಣಿನ ರೆಪ್ಪೆ ಚೂಪಾಗಿ ಬಂದಿದೆಯಾ ಅಂತ ನಾವೂ ಭೂತಗನ್ನಡಿ ಹಿಡಿಯುತ್ತಿದ್ದೆವು. ಅದನ್ನು ಓದಿದಾಗ ಅವನು ನನಗೆ ಹತ್ತಿರದವನಾದ.

ಮುಂದಿನದು ನಿಮಗೆ ಗೊತ್ತಿರಬಹುದು. 1839ರ ಜನವರಿಯಲ್ಲಿ ಫ್ರಾನ್ಸಿನಲ್ಲಿ ಡಾಗೇರ್ ಎಂಬವನೂ ಫೋಟೋ ತೆಗೆಯುವ ವಿಧಾನ ಕಂಡುಹಿಡಿದ ಸುದ್ದಿ ಹೊರಬಿತ್ತು. ಟಾಲ್ಬಟ್ ಗಾಬರಿಯಾಗಿ ತನ್ನದನ್ನೂ ಹೊರಗಿಟ್ಟ. ಡಾಗೇರ್‌ನದು ಲೋಹದ ಹಾಳೆ, ಬಲು ಅಂದ, ಆದರೆ ಒಂದೇ ಪ್ರತಿ. ಟಾಲ್ಬಟ್‌ನದು ಕಾಗದ, ಸ್ವಲ್ಪ ಮಸುಕು, ಆದರೆ ಒಂದು ನೆಗೆಟಿವ್‌ನಿಂದ ಎಷ್ಟು ಪ್ರಿಂಟ್ ಬೇಕಾದರೂ ಹಾಕಬಹುದು. ಆರು ಕಾಪಿಗೆ ಇಷ್ಟು, ಹನ್ನೆರಡಕ್ಕೆ ಇಷ್ಟು ಅಂತ ನಾವು ರೇಟು ಹೇಳುತ್ತಿದ್ದದ್ದು ಇವನ ದಯೆಯಿಂದ. ಆ ವರ್ಷ ಬರೆದ ಲೇಖನದಲ್ಲಿ ಟಾಲ್ಬಟ್ ತನ್ನ ಮನೆಯ ಬಗ್ಗೆ ಒಂದು ಮಾತು ಹೇಳಿದ್ದಾನೆ. ತನ್ನ ಚಿತ್ರವನ್ನು ತಾನೇ ಬರೆದುಕೊಂಡ ಮೊದಲ ಕಟ್ಟಡ ಇದು ಅಂತ. ತೆಗೆದವನು ನಾನು ಅನ್ನಲಿಲ್ಲ. ಕಟ್ಟಡ ಬರೆದುಕೊಂಡಿತು ಅಂದ. ನಾವೆಲ್ಲ ಫೋಟೋದ ಮೂಲೆಯಲ್ಲಿ ದೊಡ್ಡದಾಗಿ ಸ್ಟುಡಿಯೋ ಸೀಲು ಒತ್ತಿದವರು.

ನಾನೂ ಆ ಕಿಟಕಿಯ ಮುಂದೆ ನಿಂತು ತೆಗೆದೆ. ಇದು ನೋಡಿ, ಮೊದಲ ಸಲದ್ದು. ಹಾಳು. ಕ್ಯಾಮೆರಾ ಕೋಣೆಯ ಕತ್ತಲನ್ನು ಲೆಕ್ಕ ಹಾಕಿತು, ಕಿಟಕಿ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಯಿತು. ಒಂದು ಗಾಜೂ ಕಾಣದು. ಮೂವತ್ತನಾಲ್ಕು ವರ್ಷದ ಅನುಭವ! ಎರಡನೆಯ ಸಲ ಕಿಟಕಿಯ ಬೆಳಕಿಗೆ ಮಾತ್ರ ಲೆಕ್ಕ ಹಿಡಿದು, ಗೋಡೆ ಕಪ್ಪಾದರೆ ಆಗಲಿ ಅಂತ ಬಿಟ್ಟೆ. ಆಗ ಗಾಜು ಬಂದವು. ಹೊರಗಿನ ಮರವೂ ಬಂತು. ನಾನೂ ಎಣಿಸಲು ಕೂತೆ. ನೂರರ ಹತ್ತಿರ ಲೆಕ್ಕ ತಪ್ಪಿತು.

ಇನ್ನು ನಿಮಗೆ ಬೇಕಾದ ಕಸುಬಿನ ವಿಷಯ. ಹಳೆಯ ಊರಿನ ಕಟ್ಟಡ ತೆಗೆಯುವಾಗ ನನ್ನನ್ನು ಹೆಚ್ಚು ಸತಾಯಿಸಿದ್ದು ಎರಡು. ಸೂರ್ಯ ಮತ್ತು ನೆಟ್ಟಗಿರುವ ಗೆರೆ.

ಸೂರ್ಯನ ವಿಷಯ ಹೇಳುತ್ತೇನೆ. ಲೇಕಾಕ್ ಇರುವುದು 51 ಡಿಗ್ರಿ ಉತ್ತರಕ್ಕೆ. ಸಾಗರ ಇರುವುದು 14ರಲ್ಲಿ. ಹಾಗೆಂದರೆ ಏನು? ಡಿಸೆಂಬರ್ ಕೊನೆಗೆ ಲೇಕಾಕ್‌ನಲ್ಲಿ ನಡುಮಧ್ಯಾಹ್ನವೂ ಸೂರ್ಯ ಏರುವುದು ಬರೀ 15 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಒಂದೂವರೆ ಮುಷ್ಟಿ ಎತ್ತರ, ಅಷ್ಟೇ. ಜೂನ್ ತಿಂಗಳಲ್ಲಿ, ಅವರ ಪಾಲಿಗೆ ಸೂರ್ಯ ನೆತ್ತಿಗೆ ಬಂದಾಗ, 62 ಡಿಗ್ರಿ. ನಮ್ಮಲ್ಲಿ ಡಿಸೆಂಬರಿನ ಮಧ್ಯಾಹ್ನ 52 ಇರುತ್ತದೆ. ಅಂದರೆ ಅವರ ಭರ್ತಿ ಬೇಸಿಗೆ ನಮ್ಮ ಚಳಿಗಾಲಕ್ಕಿಂತ ಒಂದು ಮುಷ್ಟಿ ಮಾತ್ರ ಮೇಲೆ.

ನಮ್ಮೂರಲ್ಲಿ ಹತ್ತು ಗಂಟೆ ದಾಟಿದರೆ ಕಟ್ಟಡದ ಫೋಟೋ ಬೇಡ. ಸೂರಿನ ನೆರಳು ನೇರ ಕೆಳಗೆ ಬಿದ್ದು ಜಗಲಿ ಕಪ್ಪು ಗುಹೆಯಾಗುತ್ತದೆ. ಅಲ್ಲಿ ನವೆಂಬರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಬೆಳಕು ಓರೆಯಾಗಿ ಬಂದು ಗೋಡೆಯನ್ನು ಸವರುತ್ತದೆ. ಕಲ್ಲಿನ ಒಂದೊಂದು ಉಳಿಗುರುತೂ ಎದ್ದು ಕಾಣುತ್ತದೆ. ಸ್ಟುಡಿಯೋದಲ್ಲಿ ಸೈಡ್ ಲೈಟ್ ಕೊಟ್ಟರೆ ಅಜ್ಜಿಯರ ಮುಖದ ನೆರಿಗೆ ಎದ್ದು ಬರುತ್ತಿತ್ತಲ್ಲ, ಹಾಗೆ. ಅಜ್ಜಿಯರು ಬೈಯುತ್ತಿದ್ದರು. ಗೋಡೆಗಳು ಬೈಯುವುದಿಲ್ಲ.

ಆದರೆ ಅದಕ್ಕೊಂದು ತೊಂದರೆ ಇದೆ. 15 ಡಿಗ್ರಿಯಲ್ಲಿ ಒಂದು ಮನೆಯ ನೆರಳು ಅದರ ಎತ್ತರದ ಮೂರೂವರೆ ಪಟ್ಟಿಗಿಂತ ಜಾಸ್ತಿ ಉದ್ದ. ಹೈ ಸ್ಟ್ರೀಟ್ ಪೂರ್ವ ಪಶ್ಚಿಮಕ್ಕೆ ಇದೆ. ತೆಂಕಣ ಸಾಲಿನ ಮನೆಗಳ ನೆರಳು ರಸ್ತೆ ದಾಟಿ ಬಡಗಣ ಸಾಲಿನ ಗೋಡೆ ಏರುತ್ತದೆ. ಮೇಲಿನ ಚಿಮಣಿ, ಕಲ್ಲುಹಂಚು ಹೊಳೆಯುತ್ತಿರುತ್ತವೆ, ಕೆಳಗಿನ ಬಾಗಿಲು ನೀಲಿ ನೆರಳಲ್ಲಿ. ಜುಲೈನಲ್ಲಿ ಸುಲಭವಾಗಿ ಸಿಕ್ಕ ಬಾಗಿಲು ಡಿಸೆಂಬರಿನಲ್ಲಿ ಸಿಗಲೇ ಇಲ್ಲ. ಒಂದೊಂದು ಮನೆಗೆ ಒಂದೊಂದು ತಿಂಗಳು. ಹೀಗಾಗಿ ನಾನು ಒಂದು ನೋಟ್‌ಬುಕ್ ಮಾಡಿದೆ. ಯಾವ ಮನೆಯ ಮೇಲೆ ಯಾವ ಹೊತ್ತಿಗೆ ಬಿಸಿಲು. ದಿನಸಿ ಅಂಗಡಿಯ ಉದ್ರಿ ಪುಸ್ತಕದ ಹಾಗಿತ್ತು.

ಮೋಡ ಕವಿದರೆ ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ಮೋಡವೇ ಜಾಸ್ತಿ. ಆಕಾಶವೇ ದೊಡ್ಡ ಸಾಫ್ಟ್ ಬಾಕ್ಸ್, ಅಂದರೆ ಸ್ಟುಡಿಯೋದಲ್ಲಿ ಬೆಳಕನ್ನು ಮೆದು ಮಾಡುವ ಪೆಟ್ಟಿಗೆ, ಆಗುತ್ತದೆ. ಮರದ ಚೌಕಟ್ಟು, ನಡುವೆ ಸುಣ್ಣ ಬಳಿದ ಗೋಡೆ ಇರುವ ಮನೆಗಳಿಗೆ ಬಿಸಿಲಿಗಿಂತ ಮೋಡದ ಬೆಳಕೇ ಮೇಲು. ಆಕಾಶ ಮಾತ್ರ ಬೆಳ್ಳಗೆ ಸಪ್ಪೆ ಇರುತ್ತದೆ, ಚಿತ್ರದಲ್ಲಿ ಅದನ್ನು ಕಡಿಮೆ ಸೇರಿಸಿ. ಟಾಲ್ಬಟ್ ಕಾಲದ ಫೋಟೋಗಳಲ್ಲಿ ಆಕಾಶ ಯಾವಾಗಲೂ ಖಾಲಿ. ಆ ಕಾಗದಕ್ಕೆ ನೀಲಿ ಎಂದರೆ ಅತಿ ಪ್ರೀತಿ. ಗೋಡೆ ಮೂಡುವಷ್ಟರಲ್ಲಿ ಆಕಾಶ ಸುಟ್ಟು ಹೋಗಿರುತ್ತಿತ್ತು.

ಎರಡನೆಯದು ಗೆರೆ. ಕತ್ತೆತ್ತಿ ಚರ್ಚಿನ ಗೋಪುರ ತೆಗೆದರೆ ಅದು ಹಿಂದಕ್ಕೆ ವಾಲಿದಂತೆ ಬರುತ್ತದೆ. ನಿಮಗೆಲ್ಲ ಗೊತ್ತು. ಕ್ಯಾಮೆರಾ ಮೇಲಕ್ಕೆ ಓರೆ ಮಾಡಬೇಡಿ, ಹಿಂದೆ ಸರಿಯಿರಿ, ಇಲ್ಲವೇ ಎತ್ತರದ ಜಾಗ ಹುಡುಕಿ. ಕೊನೆಗೆ ಫೋನಿನಲ್ಲೇ ನೆಟ್ಟಗೆ ಮಾಡುವ ಸೌಲಭ್ಯ ಇದೆ. ಆದರೆ ಲೇಕಾಕ್‌ನಲ್ಲಿ ಆ ಸೌಲಭ್ಯ ತಲೆಕೆಟ್ಟು ಕೂತಿತು. ಏಕೆಂದರೆ ಅಲ್ಲಿನ ಮನೆಗಳು ನಿಜವಾಗಿಯೂ ಸೊಟ್ಟ! ಆರುನೂರು ವರ್ಷದ ಮರ ಒಣಗಿ, ಬಾಗಿ, ಕೂತು, ಮೇಲಿನ ಅಂತಸ್ತು ರಸ್ತೆಯ ಕಡೆ ತೂಗಿರುತ್ತದೆ. ಮಾಡಿನ ಕಲ್ಲುಹಂಚು ಭಾರ, ನಡು ಜಗ್ಗಿರುತ್ತದೆ. ಫೋನು ಒಂದು ಗೋಡೆಯನ್ನು ನೆಟ್ಟಗೆ ಮಾಡಿತು, ಪಕ್ಕದ ಮನೆ ಮಲಗಿತು. ಆ ಮನೆಯವರು ನೋಡಿದ್ದರೆ ಟ್ರಸ್ಟಿಗೆ ಫೋನ್ ಮಾಡುತ್ತಿದ್ದರು.

ಕಂಡುಕೊಂಡ ಉಪಾಯ ಇದು. ಗಾರೆ ಕೆಲಸದವರ ರಸಮಟ್ಟ ಒಂದನ್ನು ಸ್ಟ್ಯಾಂಡಿನ ಮೇಲೆ ಇಟ್ಟೆ. ಕ್ಯಾಮೆರಾ ನೆಟ್ಟಗಿದೆ ಎಂದು ಖಾತ್ರಿಯಾದರೆ ಸಾಕು. ಮನೆ ಹೇಗಿದೆಯೋ ಹಾಗೆ ಬರಲಿ. ಸೊಟ್ಟ ಇರುವುದನ್ನು ಸೊಟ್ಟ ಎಂದು ತೋರಿಸುವುದಕ್ಕೆ ತೆಗೆಯುವವನು ನೆಟ್ಟಗೆ ನಿಲ್ಲಬೇಕು. ಇದನ್ನು ಬೇರೆ ಏನಕ್ಕೂ ಅನ್ವಯಿಸಬೇಡಿ, ನಾನು ಹೇಳಿದ್ದು ಬರೀ ಗೋಡೆಯ ವಿಷಯ.

ಇನ್ನೊಂದು. ಅವು ಜನ ಇರುವ ಮನೆಗಳು. ರಸ್ತೆಯಲ್ಲಿ ನಿಂತು ಕಟ್ಟಡದ ಫೋಟೋ ತೆಗೆಯಲು ಆ ದೇಶದಲ್ಲಿ ಯಾರ ಅಪ್ಪಣೆಯೂ ಬೇಡ. ಟ್ರಸ್ಟಿನ ಜಾಗದಲ್ಲಿ ನಿಂತು ವ್ಯಾಪಾರಕ್ಕಾಗಿ ತೆಗೆಯುವುದಾದರೆ ಕೇಳಬೇಕು. ಕಾನೂನು ಇಷ್ಟೇ. ಆದರೆ ಕಿಟಕಿಗೆ ಮೂಗು ಒತ್ತಿ ಒಳಗೆ ಇಣುಕುವ ಪ್ರವಾಸಿಗರನ್ನು ನೋಡಿ ನನಗೇ ಮುಜುಗರವಾಯಿತು. ಒಳಗೆ ಪಾಪ ಯಾರೋ ಇಸ್ತ್ರಿ ಮಾಡುತ್ತಿರುತ್ತಾರೆ.

ಸೆಪ್ಟೆಂಬರ್ ಹೊತ್ತಿಗೆ ನನ್ನ ಹತ್ತಿರ ಮುನ್ನೂರು ಫೋಟೋ ಇದ್ದವು. ಬೆಳಗ್ಗೆ ಬೇಗ ಹೋಗಿ, ಕಾರು ಇಲ್ಲದ ಕೋನ ಹುಡುಕಿ, ಜನ ದಾಟುವವರೆಗೆ ಕಾದು ತೆಗೆದವು. ಬಹಳ ಚೆಂದ. ಒಂದು ರಾತ್ರಿ ಕೂಸು ಮಲಗಿದ ಮೇಲೆ ಎಲ್ಲವನ್ನೂ ಮಗಳಿಗೆ ತೋರಿಸಿದೆ. ನೋಡಿ ಮುಗಿಸಿ, "ಅಪ್ಪಾ, ಇವೆಲ್ಲ ಅಂಗಡಿಯಲ್ಲಿ ಸಿಗೋ ಪೋಸ್ಟ್ ಕಾರ್ಡ್ ಥರಾನೇ ಇದೆ" ಎಂದಳು. ಹೊಗಳಿದಳು ಅಂದುಕೊಂಡು ಮಲಗಿದೆ. ನಿದ್ದೆ ಬರಲಿಲ್ಲ.

ಇವು ಯಾವ ವರ್ಷದ ಫೋಟೋ? ನೋಡಿದವರಿಗೆ ಗೊತ್ತಾಗುವುದಿಲ್ಲ. ತಂತಿಯನ್ನು ಟ್ರಸ್ಟಿನವರು ತೆಗೆದಿದ್ದರು, ಕಾರನ್ನು ನಾನು ತೆಗೆದಿದ್ದೆ. ಸಿನಿಮಾದವರು ಮಣ್ಣು ಹರಡಿದ್ದಕ್ಕೂ ನಾನು ಬೆಳಗಿನ ಜಾವ ಹೋದದ್ದಕ್ಕೂ ಏನು ವ್ಯತ್ಯಾಸ?

ಟಾಲ್ಬಟ್ 1844ರಿಂದ 46ರವರೆಗೆ ಕಂತುಗಳಲ್ಲಿ ಒಂದು ಪುಸ್ತಕ ಹೊರಡಿಸಿದ. 'ದಿ ಪೆನ್ಸಿಲ್ ಆಫ್ ನೇಚರ್' ಅಂತ. 24 ಫೋಟೋ, ಒಂದೊಂದರ ಜೊತೆ ಬರಹ. ಫೋಟೋಗಳನ್ನು ಅಂಟಿಸಿ ಮಾರಾಟಕ್ಕೆ ಬಂದ ಮೊದಲ ಪುಸ್ತಕಗಳ ಸಾಲಿನದು. ಅದರಲ್ಲಿ ಒಂದು ಕಡೆ ಅವನು ಹೇಳುವ ಮಾತಿನ ಸಾರ ಇದು. ಫೋಟೋ ತೆಗೆಯುವಾಗ ಕಣ್ಣಿಗೆ ಬೀಳದ ಎಷ್ಟೋ ವಸ್ತು ಆಮೇಲೆ ಚಿತ್ರದಲ್ಲಿ ಸಿಗುತ್ತವೆ. ಗೋಡೆಯ ಮೇಲಿನ ಬರಹ, ಇಸವಿ, ಯಾರೋ ಅಂಟಿಸಿದ ಸಂಬಂಧವೇ ಇಲ್ಲದ ಜಾಹೀರಾತು. ಒಮ್ಮೊಮ್ಮೆ ದೂರದ ಗಡಿಯಾರ. ಅದರ ಮುಳ್ಳಿನಲ್ಲಿ ಫೋಟೋ ತೆಗೆದ ಗಂಟೆ ತಾನಾಗಿ ದಾಖಲಾಗಿರುತ್ತದೆ. ಫೋಟೋ ಲೋಕಕ್ಕೆ ಗೊತ್ತಾಗಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಆಗಲೇ ಅವನಿಗೆ ಇದು ಹೊಳೆದಿತ್ತು. ನಾನು ಆ ಜಾಹೀರಾತನ್ನೂ ಗಡಿಯಾರವನ್ನೂ ಹೊರಗಿಡಲು ಎರಡು ತಿಂಗಳು ಬೆಳಗ್ಗೆ ಬೇಗ ಎದ್ದಿದ್ದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕಲರ್ ಬಂದು ಡಾರ್ಕ್ ರೂಮ್ ಮುಚ್ಚಿದ ಕಾಲ. ಒಬ್ಬ ಮನುಷ್ಯ ಸ್ಟುಡಿಯೋಗೆ ಬಂದ. ಹಳೆಯ ಬ್ಲ್ಯಾಕ್ ಅಂಡ್ ವೈಟ್ ನೆಗೆಟಿವ್‌ನಲ್ಲಿ ಬೆಳ್ಳಿ ಇರುತ್ತೆ, ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇನೆ ಎಂದ. ಅಟ್ಟದ ಮೇಲೆ ಆರು ಮೂಟೆ ಇತ್ತು. ಗೆದ್ದಲು, ಬೂಷ್ಟು. ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಕೊಟ್ಟುಬಿಟ್ಟೆ. ಬಂದ ದುಡ್ಡಿನಲ್ಲಿ ಸ್ಟುಡಿಯೋಗೆ ಒಂದು ಫ್ಯಾನ್ ಹಾಕಿಸಿದೆ. ಹತ್ತು ವರ್ಷದ ಮೇಲೆ ಒಂದು ಶಾಲೆಯವರು ಬಂದರು. ಹಳೆಯ ಕಟ್ಟಡ ಕೆಡವಿದ್ದರು, ಅದರ ಒಂದು ಫೋಟೋವೂ ಅವರ ಹತ್ತಿರ ಇರಲಿಲ್ಲ, ನಿಮ್ಮಲ್ಲಿ ಇದೆಯಾ ಎಂದು ಕೇಳಿದರು. ಕಟ್ಟಡದ ಫೋಟೋ ನಾನು ತೆಗೆದಿರಲಿಲ್ಲ. ದುಡ್ಡು ಕೊಡುವುದಿಲ್ಲವಲ್ಲ. ಆದರೆ ಇಪ್ಪತ್ತು ವರ್ಷ ಅದೇ ಕಟ್ಟಡದ ಮೆಟ್ಟಿಲ ಮೇಲೆ ಮಕ್ಕಳನ್ನು ನಿಲ್ಲಿಸಿ ಗ್ರೂಪ್ ಫೋಟೋ ತೆಗೆದಿದ್ದೆ. ಮಕ್ಕಳ ಹಿಂದೆ ಬಾಗಿಲು, ಕಮಾನು, ಹೆಂಚು, ಗಂಟೆ ಎಲ್ಲ ಇತ್ತು. ಅದೆಲ್ಲ ಫ್ಯಾನಾಗಿ ತಿರುಗುತ್ತಿತ್ತು.

ನಿಮಗೆ ಇನ್ನೂ ಹತ್ತಿರದ ಉದಾಹರಣೆ ಕೊಡುತ್ತೇನೆ. ಟಾಲ್ಬಟ್‌ನ ಕಾಗದದ ನೆಗೆಟಿವ್ ಇಪ್ಪತ್ತೇ ವರ್ಷದಲ್ಲಿ ನಮ್ಮ ನಾಡಿಗೂ ಬಂತು. ಲೀನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಕೊನೆಗೆ ಬೇಲೂರು ಹಳೇಬೀಡುಗಳನ್ನು ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಹಂಪಿಗೆ ಹೋದ. ಮೇಣ ಸವರಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್. ಹಂಪಿಯ ಬಿಸಿಲಲ್ಲಿ ಅದನ್ನು ಹೇಗೆ ಸಂಭಾಳಿಸಿದನೋ! ಅವನು ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನೂ ತೆಗೆದಿದ್ದಾನೆ. ಈಗ ನಿಮ್ಮ ಜೇಬಿನಿಂದ ಐವತ್ತು ರೂಪಾಯಿಯ ಹೊಸ ನೋಟು ತೆಗೆದು ಹಿಂಭಾಗ ನೋಡಿ. ರಥದ ನೆತ್ತಿ ಬೋಳಾಗಿದೆ, ಅಲ್ವಾ? ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರ ಇದೆ. ಆಮೇಲೆ ಅದನ್ನು ತೆಗೆದುಹಾಕಿದರು. ನಾವು ಬೋಳು ರಥವನ್ನೇ ಮೂಲ ಎಂದು ನಂಬಿ ಗೋಡೆ, ಕ್ಯಾಲೆಂಡರ್, ನೋಟು ಎಲ್ಲದಕ್ಕೂ ಹಾಕಿಕೊಂಡೆವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಫೋಟೋ ತೆಗೆದರು. ಅವೆರಡನ್ನು ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೈದು ವರ್ಷದಲ್ಲಿ ಏನು ಬಿತ್ತು, ಏನು ಬೆಳೆಯಿತು ಎಲ್ಲ ತಿಳಿಯುತ್ತದೆ.

ಇಂಗ್ಲೆಂಡಿನವರಿಗೂ ಬುದ್ಧಿ ಬಂದದ್ದು ಕಳೆದುಕೊಳ್ಳುವ ಭಯದಿಂದ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಕಟ್ಟಡಗಳು ಉರುಳತೊಡಗಿದಾಗ, 1941ರಲ್ಲಿ, ಉಳಿದವನ್ನಾದರೂ ಫೋಟೋದಲ್ಲಿ ಹಿಡಿಯೋಣ ಅಂತ ಒಂದು ರಾಷ್ಟ್ರೀಯ ಸಂಗ್ರಹ ಶುರು ಮಾಡಿದರು. 2000ದ ಆಸುಪಾಸಿನಲ್ಲಿ ಇನ್ನೊಂದು ಕೆಲಸ ನಡೆಯಿತು. ರಕ್ಷಿತ ಪಟ್ಟಿಯಲ್ಲಿರುವ ಒಂದೊಂದು ಕಟ್ಟಡದ್ದೂ ಒಂದೊಂದು ಫೋಟೋ. ತೆಗೆದವರು ಊರೂರಿನ ಹವ್ಯಾಸಿಗಳು, ಸಂಬಳ ಇಲ್ಲದೆ. ಸುಮಾರು ಮೂರು ಲಕ್ಷ ಚಿತ್ರ. ಅವನ್ನು ನೋಡಿದರೆ ಕಲೆ ಗಿಲೆ ಏನೂ ಇಲ್ಲ. ಮನೆಯ ಮುಂದೆ ಕಾರು ನಿಂತಿದೆ, ಯಾರದ್ದೋ ಸೈಕಲ್ ಒರಗಿದೆ. ನನಗೆ ಈಗ ಅಂಥವೇ ಇಷ್ಟ.

ಅಕ್ಟೋಬರಿನಿಂದ ನಾನು ಹೊತ್ತು ಬದಲಿಸಿದೆ. ಹತ್ತು ಗಂಟೆಗೆ ಹೋಗುತ್ತಿದ್ದೆ. ಬಸ್ಸು ಬಂದು ನಿಂತಾಗ, ಬ್ರೆಡ್ ಅಂಗಡಿಯ ಮುಂದೆ ಕ್ಯೂ ಇದ್ದಾಗ, ಮಳೆಯಲ್ಲಿ ಕೊಡೆಗಳು ಬಂದಾಗ ತೆಗೆದೆ. ಕಷ್ಟ ಜಾಸ್ತಿ. ಖಾಲಿ ಬೀದಿಯನ್ನು ಚೆಂದ ಮಾಡುವುದು ಸುಲಭ, ಕಾರು ಇರುವ ಬೀದಿಯನ್ನು ಚೆಂದ ಮಾಡುವುದು ಕಷ್ಟ. ಹತ್ತರಲ್ಲಿ ಒಂಬತ್ತು ಹಾಳಾದವು.

ಇದು ಕೊನೆಯ ಚಿತ್ರ. ಡಿಸೆಂಬರ್ ಮೊದಲ ವಾರ, ಹೊರಡಲು ನಾಲ್ಕು ದಿನ ಇತ್ತು. ಚರ್ಚ್ ಸ್ಟ್ರೀಟ್. ಹಿಂದೆ ಸೇಂಟ್ ಸಿರಿಯಕ್ ಚರ್ಚಿನ ಚೂಪು ಗೋಪುರ. ರಸಮಟ್ಟ ನೋಡಿ, ಎಲ್ಲ ಹೊಂದಿಸಿ, ಬೆರಳು ಒತ್ತಬೇಕು, ಅಷ್ಟರಲ್ಲಿ ಒಂದು ಬಾಗಿಲು ತೆರೆಯಿತು. ಸ್ವೆಟರ್ ಹಾಕಿದ ವಯಸ್ಸಾದ ಗಂಡಸು, ಚಕ್ರ ಇರುವ ಕಸದ ಡಬ್ಬಿ ಎಳೆದುಕೊಂಡು ಗಡಗಡ ಅಂತ ಹೊರಗೆ ಬಂದರು. ನನ್ನನ್ನು ನೋಡಿ ಅಲ್ಲೇ ನಿಂತರು. ಕ್ಷಮಿಸಿ, ಹಾಳು ಮಾಡಿದೆನಾ, ಒಳಗೆ ಹೋಗಲಾ ಎಂದರು. ಆ ಊರಿನವರಿಗೆ ಅದು ರೂಢಿಯಾಗಿಬಿಟ್ಟಿದೆ. ನಾನು, ಬೇಡ ಬೇಡ, ಅಲ್ಲೇ ಇರಿ, ಡಬ್ಬಿಯನ್ನೂ ಬಿಡಬೇಡಿ ಎಂದೆ. ಅವರಿಗೆ ನಗು ಬಂತು. ನಗುವಾಗಲೇ ತೆಗೆದೆ. ಮುಖ ಸ್ವಲ್ಪ ಅಲುಗಿದೆ, ಇರಲಿ.

ಡಬ್ಬಿಯ ಮುಚ್ಚಳದ ಮೇಲೆ ಏನೋ ಒಂದು ಚೀಟಿ ಅಂಟಿಸಿದ್ದಾರೆ, ಕಾಣಿಸ್ತಾ ಇದೆಯಾ? ತೆಗೆಯುವಾಗ ನಾನು ನೋಡಿರಲಿಲ್ಲ. ಇಲ್ಲಿಗೆ ಬಂದು ಪ್ರಿಂಟ್ ಹಾಕಿಸಿದ ಮೇಲೆ ಕಂಡಿತು. ಕನ್ನಡಕ ಬದಲಿಸಿಕೊಂಡು ನೋಡಿದರೂ ಓದಲು ಆಗಿಲ್ಲ. ದೊಡ್ಡ ಪ್ರಿಂಟ್ ಈ ಮೇಜಿನ ಮೇಲಿದೆ, ಭೂತಗನ್ನಡಿಯೂ ತಂದಿದ್ದೇನೆ. ಯಾರಾದರೂ ಲೈಟ್ ಹಾಕಿ. ಕಣ್ಣು ಚುರುಕಿರುವವರು ಮುಂದೆ ಬನ್ನಿ.